ಮೂಗು ಬಿಟ್ಟಿತೋ, ಬಿಟ್ಟಂತೆ ಅನಿಸಿತೋ?

ಮಾನ್ಯ ಸಂಪಾದಕರೇ,

ಚಳಿ ಶುರುವಾಯಿತೆಂದರೆ ಮೈಸೂರಿನ ಮೆಡಿಕಲ್ ಸ್ಟೋರ್‌ಗಳಲ್ಲಿ ‘ನೆಗಡಿಗೊಂದು ಮಾತ್ರೆ ಕೊಡಿ’ ಎನ್ನುವವರು ಹೆಚ್ಚುತ್ತಾರೆ. ಕೊಟ್ಟ ಸ್ಟ್ರಿಪ್ಪಿನ ಹಿಂಬದಿ ಓದಿದರೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್, ಒಂದು ಅಲರ್ಜಿ ಔಷಧ, ಜತೆಗೆ 5 ಅಥವಾ 10 ಮಿಲಿಗ್ರಾಂ ಫಿನೈಲೆಫ್ರಿನ್ ಇರುತ್ತದೆ. ಕಟ್ಟಿದ ಮೂಗು ಬಿಡಿಸಬೇಕಾದದ್ದು ಈ ಮೂರನೆಯದು. ನುಂಗಿದಾಗ ಅದರ ಹೆಚ್ಚಿನ ಪಾಲು ಕರುಳಿನ ಗೋಡೆಯಲ್ಲೇ ಒಡೆದುಹೋಗುತ್ತದೆ. ಮೂಗಿನ ರಕ್ತನಾಳದವರೆಗೆ ಹೋಗುವುದು ಅತ್ಯಲ್ಪ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿಯ 16 ಸದಸ್ಯರೂ ಇದರಿಂದ ಉಪಯೋಗವಿಲ್ಲವೆಂದೇ ಮತ ಹಾಕಿದರು.

‘ನನಗೆ ವಾಸಿಯಾಯಿತಲ್ಲ’ ಎನ್ನುವವರು ಸುಳ್ಳಾಡುತ್ತಿಲ್ಲ. ನೆಗಡಿ ವಾರ, ಹತ್ತು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಆರೋಗ್ಯವಂತರಲ್ಲೂ ಕೆಲವು ಗಂಟೆಗೊಮ್ಮೆ ಒಂದು ಹೊಳ್ಳೆ ಬಿಗಿದು ಇನ್ನೊಂದು ಸಡಿಲವಾಗುತ್ತದೆ. ಅದೇ ಹೊತ್ತಿಗೆ ಮಾತ್ರೆ ನುಂಗಿದ್ದರೆ ಹೆಸರು ಮಾತ್ರೆಗೆ!

ತಾನಾಗಿ ಇಳಿದದ್ದನ್ನು ಔಷಧದ ಫಲದಿಂದ ಬೇರ್ಪಡಿಸಲೆಂದೇ ಔಷಧ ಪರೀಕ್ಷೆಯಲ್ಲಿ ಅರ್ಧ ಜನಕ್ಕೆ ನೋಡಲು ಹಾಗೇ ಇರುವ ಹುಸಿ ಮಾತ್ರೆ ಕೊಡಬೇಕು. ಯಾರಿಗೆ ಯಾವುದೆಂದು ಕೊಡುವವರಿಗೂ ತಿಳಿದಿರಬಾರದು. ಹೊರಗಿನ ಚಳಿಯಿಂದ ಬಂದವರನ್ನು ಒಂದೇ ಉಷ್ಣತೆಯ ಕೋಣೆಯಲ್ಲಿ ಅರ್ಧ ಗಂಟೆಯಾದರೂ ಕೂರಿಸಿ, ಸಿಂಬಳ ತೆಗೆಸಿ, ಆಮೇಲೆ ಅಳೆಯಬೇಕು. ಅಗ್ಗದ ದಾರಿ ಮುಖಕ್ಕೆ ಹಿಡಿಯುವ ಮಾಸ್ಕ್ ಮತ್ತು ಗಾಳಿಯ ಹರಿವಿನ ಮಾಪಕ: ಬಾಯಿ ಮುಚ್ಚಿ ಮೂಗಿನಿಂದ ಜೋರಾಗಿ ಮೂರು ಸಲ ಎಳೆಸಿ, ಅತಿ ಹೆಚ್ಚಿನದನ್ನು ಬರೆದುಕೊಳ್ಳುವುದು. ಅಂಚಿನಲ್ಲಿ ಮಾಸ್ಕ್ ಸೋರಿದರೆ, ಅರೆಮನಸ್ಸಿನಿಂದ ಎಳೆದರೆ ಲೆಕ್ಕ ಕೆಟ್ಟಿತು. ಮೂಗಿನಲ್ಲಿ ಗಾಳಿಗಾಗುವ ತಡೆ ಅಳೆಯುವ ಯಂತ್ರ ರೈನೋಮಾನೋಮೀಟರ್ ಇದ್ದರೆ ಒತ್ತಡ, ಹರಿವು ಎರಡೂ ಸಿಗುತ್ತವೆ. ಆದರೆ ಎರಡೂ ಹೊಳ್ಳೆ ಅಳೆದು ಕೂಡಿಸಲೇಬೇಕು. ಒಂದನ್ನೇ ಅಳೆದರೆ ಹೊಳ್ಳೆಗಳ ಆ ಸರದಿಯೇ ಔಷಧದ ಫಲದಂತೆ ಕಾಣುತ್ತದೆ. ಔಷಧಕ್ಕೆ ಮೊದಲೊಮ್ಮೆ, ನಂತರ ಹಲವು ಗಂಟೆ ಅಳತೆ ಮುಂದುವರಿಯಬೇಕು.

ರೋಗಿಯ ಅನಿಸಿಕೆಯನ್ನೂ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡಿಸಿ ಪ್ರತ್ಯೇಕವಾಗಿ ದಾಖಲಿಸಬೇಕು. ಮೆಂಥಾಲ್ ಮುಲಾಮು ಹಚ್ಚಿಕೊಂಡವರ ಅಂಕ ಸುಧಾರಿಸುತ್ತದೆ, ಮಾಪಕದ ಮುಳ್ಳು ಕದಲುವುದಿಲ್ಲ. ಅದು ಮೂಗಿನಲ್ಲಿ ತಂಪನ್ನು ಗುರುತಿಸುವ ನರಗಳನ್ನು ಕೆಣಕುತ್ತದೆ, ದಾರಿ ಅಗಲ ಮಾಡುವುದಿಲ್ಲ. ನೆಮ್ಮದಿಗೆ ಹಚ್ಚಿಕೊಳ್ಳಲಿ, ನಮ್ಮ ತಕರಾರಿಲ್ಲ. ‘ಮೂಗು ತೆರೆಯುತ್ತದೆ’ ಎಂಬ ಜಾಹೀರಾತು ಅಚ್ಚಾದಾಗ ಮಾತ್ರ, ಅಳೆದದ್ದು ಅನಿಸಿಕೆಯನ್ನೋ ಹರಿವನ್ನೋ ಎಂದು ತಮ್ಮ ಪತ್ರಿಕೆ ಕೇಳಬೇಕು.

ಅನಿಸಿಕೆ, ಹರಿವು ಎರಡರಲ್ಲೂ ಗೆಲ್ಲುವುದು ಮೂಗಿಗೆ ಹಾಕುವ ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಹನಿಗಳು. ನಿಮಿಷಗಳಲ್ಲಿ ಊತ ಇಳಿಯುತ್ತದೆ. ಐದು ದಿನ ಮೀರಿ ಹಾಕಿಕೊಂಡರೆ ಔಷಧದ ಗುಣ ಇಳಿದಾಗಲೆಲ್ಲ ಮೂಗು ಮತ್ತಷ್ಟು ಕಟ್ಟಿಕೊಂಡು ಬಾಟಲಿ ಬಿಡಲಾಗದ ಸ್ಥಿತಿ ಬರಬಹುದು. ಮಕ್ಕಳಿಗೆ ದೊಡ್ಡವರ ಹನಿ ಬೇಡ. ಕ್ಲೋರ್‌ಫೆನಿರಮೈನ್ ಎಂಬ ಅಲರ್ಜಿ ಔಷಧ ಮತ್ತು ಫಿನೈಲೆಫ್ರಿನ್ ಇರುವ ಮಿಶ್ರಣವನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಲೇಬಲ್ ಮೇಲೆ ಮುದ್ರಿಸಲು ಕೇಂದ್ರ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಸೂಚಿಸಿದ್ದಾರೆ. ಅಂಗಡಿಯವರು ಕೊಡುವ ಮುನ್ನ ಮಗುವಿನ ವಯಸ್ಸು ಕೇಳಲಿ.

– ಇಬ್ಬರು ಔಷಧಶಾಸ್ತ್ರ ಅಧ್ಯಾಪಕರು, ಮೈಸೂರು