ರ‍್ಯಾಂಪ್ ಕಟ್ಟಿದ ಮೇಲೆ ಒಮ್ಮೆ ಹತ್ತಿಸಿ ನೋಡಿ

ಸಂಪಾದಕರೇ,

ನಮ್ಮ ಶಿವಮೊಗ್ಗದ ಸಾಕಷ್ಟು ಕಚೇರಿಗಳ ಬಾಗಿಲಲ್ಲಿ ಈಗ ರ‍್ಯಾಂಪ್ ಇದೆ. ಆದರೆ ಅದರ ಮೇಲೆ ವೀಲ್‌ಚೇರ್ ಹತ್ತುತ್ತದಾ ಅಂತ ಯಾರೂ ನೋಡಿದ ಹಾಗೆ ಕಾಣುವುದಿಲ್ಲ.

ನನ್ನ ತಮ್ಮ ವೀಲ್‌ಚೇರ್ ಬಳಸುತ್ತಾನೆ. ಪೆನ್ಷನ್ ಕೆಲಸಕ್ಕೆ ಅಂತ ಅವನನ್ನು ಒಂದು ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಮೂರು ಮೆಟ್ಟಿಲಿನ ಎತ್ತರಕ್ಕೆ ಐದಾರು ಅಡಿಯ ರ‍್ಯಾಂಪ್, ಅದಕ್ಕೆ ಫಳಫಳ ಹೊಳೆಯುವ ಟೈಲ್ಸ್, ಹಿಡಿದುಕೊಳ್ಳಲು ಕಂಬಿ ಇಲ್ಲ, ಮೇಲ್ತುದಿಯಲ್ಲಿ ಯಾರೋ ಹಳೇ ಬೀರು ತಂದು ನಿಲ್ಲಿಸಿದ್ದಾರೆ. ಕೊನೆಗೆ ಇಬ್ಬರು ಸೇರಿ ಅವನನ್ನು ಕುರ್ಚಿ ಸಮೇತ ಎತ್ತಿ ಒಳಗಿಟ್ಟರು. ಪಾಪ, ಒಳ್ಳೆಯವರೇ. ಆದರೆ ಮೂವತ್ತು ದಾಟಿದ ಗಂಡಸಿಗೆ ಎಲ್ಲರೆದುರು ಹಾಗೆ ಎತ್ತಿಸಿಕೊಳ್ಳುವುದು ಹೇಗನ್ನಿಸಬೇಡ?

ಲೆಕ್ಕ ಕಷ್ಟದ್ದೇನಲ್ಲ. 1 ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದದ ಇಳಿಜಾರು ಬೇಕು. ಮೂರು ಮೆಟ್ಟಿಲು ಅಂದರೆ ಸುಮಾರು ಒಂದೂವರೆ ಅಡಿ, ಅಂದರೆ 18 ಅಡಿ. ಜಾಗ ಇಲ್ಲ ಅಂತಾರೆ. ನೇರ ಬಾರದಿದ್ದರೆ ಒಂದು ತಿರುವು ಕೊಟ್ಟು ಕಟ್ಟಬಹುದಲ್ವಾ?

ಇನ್ನು ಮಲೆನಾಡಿನ ಮಳೆ. ತೀರ್ಥಹಳ್ಳಿ, ಹೊಸನಗರದ ಕಡೆ ಆಷಾಢ ಬಂತೆಂದರೆ ಸಿಮೆಂಟಿನ ಮೇಲೂ ಪಾಚಿ. ಮನೆ ಅಂಗಳದಲ್ಲಿ ಕಾಲು ಜಾರದಿರಲಿ ಅಂತ ಅಡಿಕೆ ದಬ್ಬೆ ಹಾಸುವ ಜನ ನಾವು, ಸರ್ಕಾರಿ ರ‍್ಯಾಂಪಿಗೆ ಮಾತ್ರ ನುಣ್ಣನೆಯ ಟೈಲ್ಸ್ ಹಾಕಿಸಿ ಸುಮ್ನೆ ಫೋಟೊ ತೆಗೆಸಿಕೊಳ್ಳುತ್ತೇವೆ. ಊರುಗೋಲಿನವರು ಅದರ ಮೇಲೆ ಬಿದ್ದರೆ ಸೊಂಟವೇ ಹೋಗುತ್ತದೆ. (ಬಸ್ ಪಾಸ್ ಕೊಟ್ಟು, ಮೊಣಕಾಲೆತ್ತರದ ಮೆಟ್ಟಿಲಿನ ಬಸ್ ಬಿಡುವ ಕಥೆ ಬೇರೆಯೇ ಇದೆ.)

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಇಂಥ ಸೌಲಭ್ಯ ಇಲ್ಲದ ಹೊಸ ಕಟ್ಟಡಕ್ಕೆ ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರವನ್ನೇ ಕೊಡುವಂತಿಲ್ಲ. ಹಳೇ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟಿದ್ದ 5 ವರ್ಷದ ಗಡುವು 2022ಕ್ಕೇ ಮುಗಿದಿದೆ. 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ, ಇಂಥ ಸೌಲಭ್ಯದ ಮಾನದಂಡ ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯ ನಿಯಮ ಮಾಡಿ ಅಂತ ಹೇಳಿತು.

ನಾನು ಕೇಳುವುದು ಒಂದೇ. ಕಂಟ್ರಾಕ್ಟರ್ ಬಿಲ್ ಪಾಸ್ ಮಾಡುವ ಮುಂಚೆ ವೀಲ್‌ಚೇರಿನವರೊಬ್ಬರು, ಕಣ್ಣು ಕಾಣದವರೊಬ್ಬರು ಅಲ್ಲಿ ಹತ್ತಿ ಇಳಿಯಲಿ. ಜನ ಎಲ್ಲಿಂದ ತರೋದು ಅನ್ನಬೇಡಿ. ಗ್ರಾಮ ಪಂಚಾಯಿತಿಗಳಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೇ ಅಂಗವಿಕಲರು. ಅವರನ್ನು ಕರೆಯಿರಿ, ಆ ದಿನದ ಕೂಲಿ ಕೊಡಿ. ಅವರು ಸಹಿ ಹಾಕಿದ ಮೇಲೆ ಬಿಲ್ ಮುಂದಕ್ಕೆ ಹೋಗಲಿ. ಪರೀಕ್ಷೆ ಜುಲೈ ತಿಂಗಳಲ್ಲಾದರೆ ಇನ್ನೂ ಒಳ್ಳೆಯದು.

– ಒಬ್ಬ ಓದುಗ, ಶಿವಮೊಗ್ಗ