ಗಲಾಟೆ ಯಾವಾಗ ಶುರುವಾಯಿತು ಅಂತ ಬರೆದಿಟ್ಟಿದ್ದೀರಾ?

ಮಾನ್ಯ ಸಂಪಾದಕರೇ,

ಮಕ್ಕಳು ಮಾತು ಕೇಳುತ್ತಿಲ್ಲ, ಶಾಲೆಗಳಲ್ಲಿ ಶಿಸ್ತೇ ಇಲ್ಲ ಎಂದು ಓದುಗರು ನಿಮಗೆ ಬರೆಯುತ್ತಲೇ ಇರುತ್ತಾರೆ. ಬಹಳಷ್ಟು ಪತ್ರಗಳು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ, ದಂಡಂ ದಶಗುಣಂ. ನಾಲ್ಕು ಏಟು ಬಿಟ್ಟರೆ ಎಲ್ಲ ಸರಿಹೋಗುತ್ತದಂತೆ. ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವವಳು. ಚಿಕ್ಕ ಮಕ್ಕಳ ಗಲಾಟೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ದಿನದ ಕೊನೆಯ ಪೀರಿಯಡ್ ಹೊತ್ತಿಗೆ ತಲೆ ಚಿಟ್ಟು ಹಿಡಿಯುವುದೂ ನಿಜ. ಆದರೂ ಈ ಪತ್ರಗಳನ್ನು ನನಗೆ ಒಪ್ಪಲು ಆಗುತ್ತಿಲ್ಲ.

ಹೊಡೆಯುವ ವಿಷಯವನ್ನು ಬೇಗ ಮುಗಿಸಿಬಿಡುತ್ತೇನೆ. ಶಾಲೆಯ ಶಿಸ್ತು ಮಗುವಿನ ಘನತೆಗೆ ಧಕ್ಕೆ ತರಬಾರದು ಅಂತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರಲ್ಲೇ ಹೇಳಿದೆ. ಅದಕ್ಕೂ ಹತ್ತು ವರ್ಷ ಮೊದಲೇ, 1979ರಲ್ಲಿ, ಸ್ವೀಡನ್ ಮನೆಯೊಳಗೂ ಮಕ್ಕಳಿಗೆ ಹೊಡೆಯಬಾರದು ಅಂತ ಕಾನೂನು ಮಾಡಿತು. ಇಷ್ಟೆಲ್ಲ ಆದಮೇಲೂ ಬೆತ್ತ ಬೇಕೋ ಬೇಡವೋ ಅಂತ ಮತ್ತೆ ವಾದಕ್ಕೆ ಕೂರುವುದು ಸುಮ್ನೆ ಹೊತ್ತು ಕಳೆಯುವ ಕೆಲಸ.

ನನ್ನ ತಕರಾರು ಬೇರೆ. ಬೆತ್ತ ಇಲ್ಲದ ಶಾಲೆಗಳಲ್ಲೂ ನಾವು ಮಗುವನ್ನು ಸರಿಯಾಗಿ ನೋಡುತ್ತಿಲ್ಲ. ಮಕ್ಕಳ ಬಗ್ಗೆ ಕಂಪ್ಲೇಂಟ್ ಬರೆಯುವ ಪುಸ್ತಕ ಇದ್ದರೆ ಒಮ್ಮೆ ತೆರೆದು ನೋಡಿ. ಪಕ್ಕದವನನ್ನು ತಳ್ಳಿದ, ಪುಸ್ತಕ ಹರಿದ, ಎದುರು ಮಾತಾಡಿದ, ಬರೀ ಇಷ್ಟೇ ಇರುತ್ತದೆ. ತಳ್ಳುವ ಮೊದಲು ಏನು ನಡೆಯುತ್ತಿತ್ತು, ಅದು ಯಾವ ಪೀರಿಯಡ್, ಪಕ್ಕದಲ್ಲಿ ಯಾರಿದ್ದರು, ತಳ್ಳಿದ ಮೇಲೆ ಅವನಿಗೆ ಏನು ಸಿಕ್ಕಿತು? ಇದೊಂದೂ ಇರುವುದಿಲ್ಲ. ಬೇಕಾಗಿರುವುದು ಇದೇ ಅಲ್ವಾ? ವರ್ತನೆಯ ಬಗ್ಗೆ ಕೆಲಸ ಮಾಡುವ ಮನಶ್ಶಾಸ್ತ್ರಜ್ಞರು ಮೊದಲು ಕೇಳುವುದೂ ಇದನ್ನೇ: ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು.

ಎರಡು ವಾರ ಹೀಗೆ ಬರೆದಿಟ್ಟರೆ ಸಾಕು, ಎಷ್ಟೋ ಸಲ ಉತ್ತರ ಅಲ್ಲೇ ಕಾಣುತ್ತದೆ. ಹುಡುಗ ಗಲಾಟೆ ಮಾಡುವುದು ಜೋರಾಗಿ ಓದಿಸುವ ಪೀರಿಯಡ್‌ನಲ್ಲಿ ಮಾತ್ರ, ಅದೂ ತನ್ನ ಸರದಿ ಹತ್ತಿರ ಬಂದಾಗ, ಅಂತ ಇಟ್ಟುಕೊಳ್ಳಿ. ನಾವು ಸಿಟ್ಟು ಮಾಡಿಕೊಂಡು ಹೊರಗೆ ನಿಲ್ಲಿಸುತ್ತೇವೆ. ಅವನಿಗೆ ಬೇಕಾಗಿದ್ದೂ ಅದೇ! ಎಲ್ಲರೆದುರು ಅಕ್ಷರ ತಡಕಾಡುವುದು ತಪ್ಪಿತು. ನಾವು ಶಿಕ್ಷೆ ಅಂದುಕೊಂಡಿದ್ದು ಅವನ ಪಾಲಿಗೆ ಬಹುಮಾನ. ನಾಳೆ ಅವನು ಇನ್ನೂ ಬೇಗ ಶುರುಮಾಡುತ್ತಾನೆ. ಈ ಮಗುವಿಗೆ ಬೇಕಾಗಿರುವುದು ಓದಲು ಸಹಾಯ. ವರಾಂಡದಲ್ಲಿ ನಿಂತು ಅವನು ಏನನ್ನೂ ಕಲಿಯುವುದಿಲ್ಲ.

ಕಣ್ಣು, ಕಿವಿ, ನಿದ್ದೆ. ಈ ಮೂರನ್ನು ಮೊದಲು ನೋಡಿ ಅಂತ ನಾನು ಪೋಷಕರಿಗೆ ಹೇಳುತ್ತಲೇ ಇರುತ್ತೇನೆ. ನೆಗಡಿಯಾದ ಮೇಲೆ ಕಿವಿಯ ತಮಟೆಯ ಹಿಂದೆ ದ್ರವ ನಿಂತುಕೊಳ್ಳುವುದು ಚಿಕ್ಕ ಮಕ್ಕಳಲ್ಲಿ ತೀರಾ ಸಾಮಾನ್ಯ. ಎಷ್ಟೋ ಸಲ ನೋವೇ ಇರುವುದಿಲ್ಲ, ಕೇಳಿಸುವುದು ಮಾತ್ರ ಕಡಿಮೆಯಾಗಿರುತ್ತದೆ. ಅಂಥ ಮಗುವನ್ನು ಮೂರು ಸಲ ಕರೆದರೂ ತಿರುಗದಿದ್ದರೆ ನಾವು ಮೊಂಡ ಅಂತ ಹೆಸರಿಡುತ್ತೇವೆ. ಇನ್ನು ನಿದ್ದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ನಿದ್ರಾ ತಜ್ಞರು ಹೇಳುತ್ತಾರೆ. ನಿದ್ದೆ ಕೆಟ್ಟರೆ ದೊಡ್ಡವರು ತೂಕಡಿಸುತ್ತಾರೆ. ಮಕ್ಕಳು ಎಷ್ಟೋ ಸಲ ಉಲ್ಟಾ, ಕುಳಿತಲ್ಲಿ ಕೂರುವುದಿಲ್ಲ, ಸಣ್ಣದಕ್ಕೂ ರೇಗುತ್ತಾರೆ. ರಾತ್ರಿ ಹನ್ನೊಂದರವರೆಗೆ ಮೊಬೈಲ್ ಕೈಯಲ್ಲಿ ಕೊಟ್ಟು, ಬೆಳಗ್ಗೆ ಬಂದು ಟೀಚರ್‌ಗೆ ಮಕ್ಕಳನ್ನು ಸಂಭಾಳಿಸಲು ಬರುವುದಿಲ್ಲ ಅಂದರೆ ಹೇಗೆ? (ಇದು ಎಲ್ಲ ಪೋಷಕರಿಗೂ ಹೇಳಿದ್ದಲ್ಲ, ಯಾರಿಗೆ ಅಂತ ಅವರಿಗೇ ಗೊತ್ತು.)

ಕೂಗಾಡುವುದರ ಬಗ್ಗೆಯೂ ಒಂದು ಮಾತು. ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞ ಓಲಿಯರಿ ಮತ್ತು ಜೊತೆಗಾರರು 1970ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಡೀ ತರಗತಿಗೆ ಕೇಳುವಂತೆ ಗದರಿಸಿದಾಗ ಏನಾಗುತ್ತದೆ, ಹತ್ತಿರ ಹೋಗಿ ಆ ಮಗುವಿಗೆ ಮಾತ್ರ ಕೇಳುವಂತೆ ಹೇಳಿದಾಗ ಏನಾಗುತ್ತದೆ ಅಂತ ನೋಡಿದರು. ಮೆಲ್ಲಗೆ ಹೇಳಿದಾಗ ಬಹುತೇಕ ಮಕ್ಕಳ ಗಲಾಟೆ ಕಡಿಮೆಯಾಯಿತು. ಇದಕ್ಕೆ ದುಡ್ಡು ಬೇಡ, ತರಬೇತಿ ಬೇಡ, ಬೋರ್ಡ್ ಹತ್ತಿರದಿಂದ ನಾಲ್ಕು ಹೆಜ್ಜೆ ನಡೆದುಹೋಗಬೇಕು ಅಷ್ಟೇ. ಗಲಾಟೆ ಮಾಡಿದ್ದಕ್ಕೆ ಆಟದ ಪೀರಿಯಡ್ ಕಿತ್ತುಕೊಳ್ಳುವ ಪದ್ಧತಿಯಂತೂ ನನಗೆ ಯಾವತ್ತೂ ಅರ್ಥವಾಗಿಲ್ಲ. ಓಡಲೇಬೇಕಾದ ಮಗುವನ್ನೇ ಹಿಡಿದು ಕೂರಿಸುತ್ತೇವೆ! ಅದರಲ್ಲೂ ಒಬ್ಬ ಮಾಡಿದ ತಪ್ಪಿಗೆ ಇಡೀ ಕ್ಲಾಸಿಗೆ ಆಟ ಬಂದ್ ಮಾಡಿದರೆ ಆ ಒಬ್ಬನ ಮೇಲೆ ಉಳಿದವರೆಲ್ಲ ಹಲ್ಲು ಮಸೆಯುತ್ತಾರೆ, ಮಾರನೇ ದಿನ ಅದು ಇನ್ನೊಂದು ಜಗಳವಾಗಿ ನಮ್ಮ ಮುಂದೆಯೇ ಬರುತ್ತದೆ.

ರೇಗಿಸುವುದು, ಗುಂಪು ಕಟ್ಟಿಕೊಂಡು ಒಬ್ಬರನ್ನು ಕಾಡುವುದು ಬೇರೆಯೇ ವಿಷಯ. ಅದನ್ನು ಇಬ್ಬರ ಜಗಳ ಅಂತ ನೋಡಬಾರದು. ನಾರ್ವೆಯಲ್ಲಿ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ 1983ರಲ್ಲಿ ಈ ಬಗ್ಗೆ ದೊಡ್ಡ ಮಟ್ಟದಲ್ಲಿ ಕೆಲಸ ಶುರುಮಾಡಿದರು. ಬಿಡುವಿನ ವೇಳೆ ದೊಡ್ಡವರು ಮಕ್ಕಳ ನಡುವೆ ಇರಬೇಕು ಎಂಬುದು ಅವರ ಕ್ರಮದ ಮುಖ್ಯ ಭಾಗ. ನಮ್ಮಲ್ಲಿ ಬಿಡುವಾದರೆ ಸ್ಟಾಫ್ ರೂಮ್ ತುಂಬಿರುತ್ತದೆ, ಮೆಟ್ಟಿಲು, ಟಾಯ್ಲೆಟ್ ಹತ್ತಿರ ಯಾರೂ ಇರುವುದಿಲ್ಲ. ಕಾಟ ನಡೆಯುವುದು ಅಲ್ಲೇ. ಆಮೇಲೆ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಸಾರಿ ಹೇಳಿಸಿ ಕೈ ಕುಲುಕಿಸುತ್ತೇವೆ. ಕಾಡಿಸಿಕೊಂಡ ಮಗು ನಮ್ಮೆದುರು ಹೂಂ ಅನ್ನುತ್ತದೆ, ಬೇರೇನು ತಾನೇ ಹೇಳೀತು? ಇಬ್ಬರ ಹತ್ತಿರವೂ ಬೇರೆ ಬೇರೆಯಾಗಿ ಮಾತಾಡಬೇಕು, ವಾರ ಬಿಟ್ಟು ಮತ್ತೆ ವಿಚಾರಿಸಬೇಕು.

ಇಷ್ಟು ಹೊತ್ತು ಸದ್ದು ಮಾಡುವ ಮಕ್ಕಳ ಬಗ್ಗೆಯೇ ಬರೆದೆ. ನನಗೆ ಜಾಸ್ತಿ ಚಿಂತೆ ಸದ್ದೇ ಮಾಡದ ಮಕ್ಕಳದ್ದು. ಯಾವ ಕಂಪ್ಲೇಂಟ್ ಪುಸ್ತಕದಲ್ಲೂ ಅವರ ಹೆಸರು ಬರುವುದಿಲ್ಲ, ರಿಪೋರ್ಟ್ ಕಾರ್ಡ್‌ನಲ್ಲಿ ‘ತುಂಬಾ ಒಳ್ಳೆಯ ಮಗು’ ಎಂದು ಇರುತ್ತದೆ. ಪದೇ ಪದೇ ಹೊಟ್ಟೆನೋವು ಎನ್ನುವುದು, ಇದ್ದಕ್ಕಿದ್ದಂತೆ ಗೆಳೆಯರನ್ನು ಬಿಟ್ಟು ಒಂಟಿಯಾಗಿ ಕೂರುವುದು, ಸಂಜೆ ಮನೆಗೆ ಹೊರಡಲು ಹಿಂದೇಟು ಹಾಕುವುದು, ಇದನ್ನೆಲ್ಲ ಗಮನಿಸುವವರು ಯಾರು? ಇಂಥ ಮಗು ಒಂದು ದಿನ ಬಾಯಿಬಿಟ್ಟು ಏನಾದರೂ ಹೇಳಿದರೆ ಎದುರಿಗಿದ್ದವರಿಗೆ ಹೇಗೆ ಕೇಳಿಸಿಕೊಳ್ಳಬೇಕು ಅನ್ನುವುದಾದರೂ ಗೊತ್ತಿರಬೇಕು. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಡಬಾರದು, ಏಕೆಂದರೆ ಮಗುವನ್ನು ಕಾಪಾಡಲು ಹೇಳಲೇಬೇಕಾಗಬಹುದು. ಕೆದಕಿ ಕೆದಕಿ ಪ್ರಶ್ನೆ ಕೇಳಬಾರದು. ಮಗು ಬಳಸಿದ ಮಾತನ್ನೇ ಹಾಗೇ ಬರೆದಿಟ್ಟು, ಮಕ್ಕಳನ್ನು ಕಾಪಾಡುವ ಜವಾಬ್ದಾರಿ ಇರುವವರಿಗೆ ಅದೇ ದಿನ ತಿಳಿಸಬೇಕು. ಸ್ಟಾಫ್ ರೂಮಿನಲ್ಲಿ ನಾಲ್ಕು ಜನರೆದುರು, ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಇಂಥದ್ದರ ಸುದ್ದಿಯೇ ಬರಬಾರದು.

ಟೀಚರ್‌ಗಳಿಗೆ ಇದಕ್ಕೆಲ್ಲ ಪುರುಸೊತ್ತು ಎಲ್ಲಿದೆ ಅಂತ ಕೇಳುತ್ತೀರಿ. ಕೇಳಲೇಬೇಕು. ಪುರುಸೊತ್ತು ಇಲ್ಲ. ಪಾಠ ಮುಗಿಸಬೇಕು, ನೋಟ್ಸ್ ತಿದ್ದಬೇಕು, ಕೇಳಿದ ಮಾಹಿತಿ ತುಂಬಿ ಕಳಿಸಬೇಕು. ಮಕ್ಕಳ ಕಾಳಜಿ ಯಾರ ಟೈಮ್‌ಟೇಬಲ್‌ನಲ್ಲೂ ಇಲ್ಲ, ಒಳ್ಳೆಯ ಮನಸ್ಸಿನ ಟೀಚರ್ ಬಿಡುವಿನಲ್ಲಿ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ವಾರಕ್ಕೆ ಒಂದು ಪೀರಿಯಡ್ ಆದರೂ ಇದಕ್ಕೆಂದೇ ತೆಗೆದಿಡುವುದು ಮುಖ್ಯ ಶಿಕ್ಷಕರ ಕೈಯಲ್ಲಿದೆ. ಪ್ರೀತಿಯಿಂದ ಇದ್ದರೆ ಎಲ್ಲ ಸರಿಹೋಗುತ್ತದೆ ಅನ್ನುವವರನ್ನೂ ನಾನು ಒಪ್ಪುವುದಿಲ್ಲ. ನಿಯಮ ಇರಬೇಕು, ಇವತ್ತೊಂದು ನಾಳೆಯೊಂದು ಆಗಬಾರದು, ತಪ್ಪು ಮಾಡಿದ ಮಗು ಅದನ್ನು ಸರಿಪಡಿಸಲೂಬೇಕು. ಹರಿದ ಪುಸ್ತಕವನ್ನು ಅವನೇ ಕೂತು ಅಂಟಿಸಲಿ.

ಬೆತ್ತ ಬೇಕು ಅಂತ ಬರೆಯುವ ಪೋಷಕರಿಗೆ ನನ್ನದೊಂದು ಕೋರಿಕೆ. ಮುಂದಿನ ಪೋಷಕರ ಸಭೆಯಲ್ಲಿ ಮಾರ್ಕ್ಸ್ ವಿಚಾರಿಸಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ನನ್ನ ಮಗುವಿಗೆ ಶಾಲೆಯಲ್ಲಿ ಏನಾದರೂ ತೊಂದರೆಯಾದರೆ ಯಾರ ಹತ್ತಿರ ಹೋಗಿ ಹೇಳಬೇಕು? ಹೆಸರು ಹೇಳಿದರೆ, ಮನೆಗೆ ಬಂದು ಮಗುವಿಗೂ ಅದೇ ಪ್ರಶ್ನೆ ಕೇಳಿ. ಎರಡು ಉತ್ತರ ಒಂದೇ ಆಗಿರದಿದ್ದರೆ ಮರುದಿನ ಶಾಲೆಗೆ ಹೋಗಿ ಜಗಳವನ್ನೇ ಆಡಿ, ನಾನು ಬೇಡ ಅನ್ನುವುದಿಲ್ಲ.

ಇಂತಿ,
ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ