ಬೆಂಕಿಯ ಸುದ್ದಿ ನಮ್ಮ ಕಿವಿಗೂ ಬೀಳಲಿ

ಮಾನ್ಯ ಸಂಪಾದಕರೇ,

ಹೋದ ಮಾರ್ಚ್‌ನಲ್ಲಿ ನಮ್ಮೂರ ಮೇಲಿನ ಕಾಡಿಗೆ ಬೆಂಕಿ ಬಿದ್ದಿತ್ತು. ಮಧ್ಯಾಹ್ನ ಫಾರೆಸ್ಟ್ ಗಾರ್ಡ್ ಒಬ್ಬರು ನೀರು ಕುಡಿಯಲು ನಮ್ಮ ಜಗಲಿಗೆ ಬಂದರು. ಮುಖವೆಲ್ಲ ಮಸಿ. ಸೊಂಟದ ವಾಕಿಟಾಕಿ ಮಾತಾಡುತ್ತಲೇ ಇತ್ತು. ‘ಗಾಳಿ ತಿರುಗಿದೆ, ಬೆಂಕಿ ಹಳ್ಳ ದಾಟಿ ಕೆಳಗೆ ಬರ್ತಾ ಇದೆ’ ಎಂದಿತು. ಹಳ್ಳದ ಈಚೆ ಪಕ್ಕದ ಮನೆಯವರ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಉದುರಿದ ಒಣ ಎಲೆ, ಅಂದರೆ ದರಕು ಇನ್ನೂ ಗುಡಿಸಿರಲಿಲ್ಲ, ಕರಡದ ಹುಲ್ಲು ಒಣಗಿ ನಿಂತಿತ್ತು. ಗಾರ್ಡ್ ಜೊತೆ ನಾವು ಐದು ಮಂದಿ ಹಸಿ ಟೊಂಗೆ ಹಿಡಿದು ಓಡಿದೆವು. ದರಕು ಎಳೆದು ಬರಿನೆಲ ಮಾಡಿದೆವು, ಬಂದ ಬೆಂಕಿಯನ್ನು ಬಡಿದೆವು. ಅರ್ಧ ಬೆಟ್ಟ ಉಳಿಯಿತು. ಗಾರ್ಡ್‌ಗೆ ಆಗ ಬಾಯಾರಿಕೆ ಆಗದಿದ್ದರೆ ನಮಗೆ ಸುದ್ದಿಯೇ ಗೊತ್ತಾಗುತ್ತಿರಲಿಲ್ಲ. ಬೆಟ್ಟದ ಹತ್ತಿರ ಮೊಬೈಲ್ ಸಿಗ್ನಲ್ ಇಲ್ಲ.

ದೀಪಾವಳಿಗೆ ಕ್ಯಾಲಿಫೋರ್ನಿಯಾದಿಂದ ಬಂದ ಮಗನಿಗೆ ಇದನ್ನು ಹೇಳಿದೆ. ಅಲ್ಲಿ ಬೆಂಕಿ ಆರಿಸುವವರ ರೇಡಿಯೋ ಮಾತನ್ನು ಮನೆಯಲ್ಲೇ ಕೂತು ಕೇಳುವ ಹವ್ಯಾಸಿಗಳಿದ್ದಾರಂತೆ. ಅದಕ್ಕೆ ಸ್ಕ್ಯಾನರ್ ಅಂತ ಒಂದು ಯಂತ್ರ. ಚಾನೆಲ್‌ಗಳನ್ನು ಒಂದೊಂದಾಗಿ ಹುಡುಕುತ್ತಾ ಹೋಗಿ, ಮಾತು ಬಂದಲ್ಲಿ ನಿಲ್ಲುತ್ತದೆ. ಹೀಗೆ ಕೇಳಿ ಕೇಳಿ ಪಳಗಿದವರು, ನಿವೃತ್ತ ಅಗ್ನಿಶಾಮಕ ಸಿಬ್ಬಂದಿ ಎಲ್ಲ ಸೇರಿ ಸುದ್ದಿ ಕೊಡುವ ‘ವಾಚ್ ಡ್ಯೂಟಿ’ ಎಂಬ ಆ್ಯಪ್ 2021ರಲ್ಲಿ ಶುರುವಾಯಿತು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಹೊತ್ತಿ ಉರಿದಾಗ ಲಕ್ಷಾಂತರ ಜನ ಅದನ್ನೇ ನೋಡುತ್ತಿದ್ದರು.

ನಮ್ಮಲ್ಲಿ ಹಾಗೆ ಮಾಡುವಂತಿಲ್ಲ. ಸರ್ಕಾರಿ ವೈರ್‌ಲೆಸ್ ಮಾತನ್ನು ಕದ್ದು ಕೇಳುವುದು ಕಾನೂನಿನ ಪ್ರಕಾರ ಅಪರಾಧ. ಆನ್‌ಲೈನ್‌ನಲ್ಲಿ ಅಗ್ಗದ ವಾಕಿಟಾಕಿ ತರಿಸುವ ಹುಡುಗರಿಗೆ ಕೈಮುಗಿದು ಹೇಳುತ್ತೇನೆ, ಅರಣ್ಯ ಇಲಾಖೆಯ ಚಾನೆಲ್ ಹುಡುಕಬೇಡಿ. ಆ ಚಾನೆಲ್‌ನಲ್ಲಿ ಒಬ್ಬರು ಸುಮ್ನೆ ಮಾತಾಡುವ ಗುಂಡಿ ಒತ್ತಿ ಹಿಡಿದರೂ ಸಾಕು, ಅಷ್ಟು ಹೊತ್ತು ಬೆಂಕಿಯ ನಡುವೆ ಇರುವವರ ಕೂಗು ಯಾರಿಗೂ ಕೇಳುವುದಿಲ್ಲ.

ಆದರೆ ಇಲಾಖೆಯೇ ಕೇಳಿಸಬಹುದು ಅಲ್ವಾ? ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದಲ್ಲಿ ಬೆಂಕಿ ಕಂಡರೆ ಎಸ್ಸೆಮ್ಮೆಸ್ ಕಳಿಸುತ್ತದೆ. ಹೆಸರು ನೋಂದಾಯಿಸಿದರೆ ನಮ್ಮಂಥವರಿಗೂ ಬರುತ್ತದೆ. ಒಳ್ಳೆಯದೇ. ಆದರೆ ಆ ಉಪಗ್ರಹ ನಮ್ಮ ತಲೆಮೇಲೆ ಹಾಯುವುದು ದಿನಕ್ಕೆ ಕೆಲವೇ ಸಲ. ಬಿಸಿಲಲ್ಲಿ ಒಣಗಿದ ಕರಡ ಸುಟ್ಟುಹೋಗಲು ಅರ್ಧ ಗಂಟೆಯೇ ಜಾಸ್ತಿಯಾಯಿತು.

ಜನವರಿಯಿಂದ ಮೇ ತನಕ ಪ್ರತಿ ಗ್ರಾಮ ಅರಣ್ಯ ಸಮಿತಿಗೆ ಇಲಾಖೆ ಒಂದು ವೈರ್‌ಲೆಸ್ ಸೆಟ್ ಕೊಡಲಿ. ಕೇಳುವುದಕ್ಕೆ ಮಾತ್ರ, ಮಾತಾಡುವ ಗುಂಡಿಯೇ ಬೇಡ. ಮರಗಳ್ಳರ, ಬೇಟೆಗಾರರ ಮೇಲಿನ ಕಾವಲಿನ ಗುಟ್ಟು ಹೊರಗೆ ಹೋದೀತು ಎಂಬ ಭಯ ಇಲಾಖೆಗೆ ಇರಬಹುದು, ಅದು ಸರಿಯಾದ ಭಯವೇ. ಹಾಗಾಗಿ ಬೆಂಕಿಯ ಮಾತಿಗೆ ಬೇರೆಯೇ ಚಾನೆಲ್ ಇರಲಿ. ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ವೈರ್‌ಲೆಸ್‌ನಲ್ಲಿ ಮಾತಾಡುವ ಹ್ಯಾಮ್ ರೇಡಿಯೋದವರನ್ನು ಕೇಳಿದರೆ ಸೆಟ್ ಎಲ್ಲಿಟ್ಟರೆ ಚೆನ್ನಾಗಿ ಕೇಳುತ್ತದೆ ಎಂದು ಹೇಳಿಯಾರು. ನಡುವೆ ಗುಡ್ಡ ಬಂದರೆ ಈ ಅಲೆಗಳು ಸರಿಯಾಗಿ ತಲುಪುವುದಿಲ್ಲ, ನಮ್ಮ ಕಡೆ ಗುಡ್ಡವೇ ಜಾಸ್ತಿ.

ನಮ್ಮೂರಿನ ಸೆಟ್ಟನ್ನು ನಮ್ಮ ಜಗಲಿಯಲ್ಲೇ ಇಡಬಹುದು. ಕರೆಂಟ್ ಹೋದರೆ ಇನ್ವರ್ಟರ್ ಇದೆ. ಹಗಲೆಲ್ಲ ನಾನು ಅಲ್ಲೇ ಅಡಿಕೆ ಸುಲಿಯುತ್ತಾ ಕೂತಿರುತ್ತೇನೆ.

— ಒಬ್ಬ ಅಡಿಕೆ ಬೆಳೆಗಾರ್ತಿ, ಶಿರಸಿ ತಾಲ್ಲೂಕು